ಹುಟ್ಟಿಗೇ ಹಾಜರಿ

ಗೋಕಾಕ ಪಟ್ಟಣದಿಂದ ಆರೇಳು ಕಿಲೋಮೀಟರ್ ದೂರದಲ್ಲಿ ಘಟಪ್ರಭಾ ನದಿ ಸುಮಾರು 170 ಅಡಿ ಆಳಕ್ಕೆ ಧುಮುಕುತ್ತದೆ. ಆ ನೀರಿನ ಬಲವನ್ನು ನಂಬಿ 1885ರಲ್ಲಿ ಒಂದು ಕಂಪನಿ ಹುಟ್ಟಿತು. 1887ರ ಹೊತ್ತಿಗೆ ಬಂಡೆಯ ನೆತ್ತಿಯ ಮೇಲೆ ನೂಲಿನ ಗಿರಣಿ ತಿರುಗತೊಡಗಿತ್ತು. ಏಷ್ಯಾದಲ್ಲೇ ಮೊದಮೊದಲು ನೀರಿನಿಂದ ವಿದ್ಯುತ್ ಮಾಡಿದ ಜಾಗಗಳಲ್ಲಿ ಇದೂ ಒಂದು. ತೂಗುಸೇತುವೆ, ಗಿರಣಿ, ಕೂಲಿಕಾರರ ಚಾಳು, ಮಳೆಗಾಲದಲ್ಲಿ ಕೆಂಪಗೆ ಉಕ್ಕುವ ಹೊಳೆ: ಫಾಲ್ಸಿನ ಬಗ್ಗೆ ಬರೆದವರು ಇವನ್ನೆಲ್ಲ ತಪ್ಪದೆ ಬರೆಯುತ್ತಾರೆ. ಅವರು ಬಿಟ್ಟುಬಿಡುವ ಸಂಗತಿಯೊಂದಿದೆ. ಮುಂಬಯಿ ಸರಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ನಡೆಸುತ್ತಿದ್ದ ಸೆಟ್ಲಮೆಂಟುಗಳಲ್ಲಿ ಒಂದು ಇದೇ ಗೋಕಾಕ ಫಾಲ್ಸಿನಲ್ಲಿತ್ತು. ವಿಜಾಪುರ, ಹುಬ್ಬಳ್ಳಿ, ಗದಗ, ಬೆಳಗಾವಿ, ಖಾನಾಪುರ, ಸೊಲ್ಲಾಪುರಗಳಲ್ಲೂ ಅಂಥವು ಇದ್ದವು. ಅಲ್ಲಿ ಇರಬೇಕಾದವರನ್ನು ಸರಕಾರ ಆರಿಸುತ್ತಿದ್ದದ್ದು ಮೊದಲಿಗೆ ಅವರ ಜಾತಿಯನ್ನು ನೋಡಿ. ವಿಮಾನ ನಿಲ್ದಾಣದಲ್ಲಿ ಗಡ್ಡ, ಪೇಟ, ಹೆಸರು, ಮೈಬಣ್ಣ ನೋಡಿ ಕೆಲವರನ್ನು ಬದಿಗೆ ಕರೆದು ತಡೆಯುವುದು 2001ರ ನಂತರ ಅಮೆರಿಕದಲ್ಲಿ ಹುಟ್ಟಿದ ರೋಗವೆಂದು ನಾವು ಮಾತಾಡುತ್ತೇವೆ. ಆದರೆ ಹುಟ್ಟನ್ನು ನೋಡಿ ಮನುಷ್ಯನನ್ನು ಅನುಮಾನಿಸುವ ಪದ್ಧತಿಯನ್ನು ಕಾಯ್ದೆ, ಕಚೇರಿ, ನೋಂದಣಿ ಪುಸ್ತಕಗಳ ಸಮೇತ ಸುಮಾರು ನಾಲ್ಕು ದಶಕ ನಡೆಸಿದ ನೆಲ ನಮ್ಮದೇ. ಈ ಪದ್ಧತಿಗೆ ಪರ-ವಿರೋಧ ವಾದಿಸುವವರು ಇಬ್ಬರೂ ನೋಡಬೇಕಾದ ಪುರಾವೆ ಇಲ್ಲಿದೆ. ಹುಟ್ಟಿನ ಮೇಲೆ ನಿಂತ ಅನುಮಾನವನ್ನು ಸುಳ್ಳೆಂದು ತೋರಿಸುವ ದಾರಿಯನ್ನು ಆ ಪದ್ಧತಿಯೇ ಮುಚ್ಚಿಬಿಡುತ್ತದೆ ಎಂಬುದು ಆ ಪುರಾವೆಯಿಂದ ನನಗೆ ಕಾಣುವ ಮುಖ್ಯ ಮಾತು.

ಕಾಯ್ದೆ ಮೊದಲು ಬಂದದ್ದು 1871ರಲ್ಲಿ, ಉತ್ತರ ಭಾರತಕ್ಕೆ. ಆಗ ವೈಸರಾಯ್ ಮಂಡಳಿಯ ಕಾನೂನು ಸದಸ್ಯ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಸರಕಾರದ ಕಡೆಯಿಂದ ಬಂದ ವಾದ ಸರಳವಾಗಿತ್ತು: ಈ ದೇಶದಲ್ಲಿ ಬಡಿಗನ ಮಗ ಬಡಿಗ, ನೇಕಾರನ ಮಗ ನೇಕಾರ, ಹಾಗಾದರೆ ಕಳ್ಳನ ಮಗ ಕಳ್ಳನಾಗುವುದೂ ಸಹಜ. ಇಂಗ್ಲಿಷ್ ಕಾನೂನಿನಲ್ಲಿ ಅಪರಾಧ ಒಬ್ಬನದು, ಸಾಬೀತಾಗುವವರೆಗೆ ಅವನು ನಿರಪರಾಧಿ. ಆ ತತ್ವವನ್ನು ಬದಿಗಿಡಲು ಆಳುವವರಿಗೆ ಬೇಕಾಗಿದ್ದ ತರ್ಕವನ್ನು ನಮ್ಮ ಜಾತಿವ್ಯವಸ್ಥೆಯೇ ಒದಗಿಸಿತು. ಇದನ್ನು ಬ್ರಿಟಿಷರ ಪಾಪವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಊರ ಹೊರಗೆ ಡೇರೆ ಹಾಕಿದವರನ್ನು ಊರು ಅದಕ್ಕೂ ಮೊದಲೇ ಕಳ್ಳರೆಂದು ಕರೆಯುತ್ತಿತ್ತು, ಸರಕಾರ ಆ ಮಾತಿಗೆ ಮೊಹರು ಒತ್ತಿತು. ನಾಗರಿಕತೆ ಇಷ್ಟು ಹಳೆಯದಾದ ದೇಶದಲ್ಲಿ ಇಷ್ಟು ಜನ ಹೀಗೆ ಉಳಿದದ್ದಕ್ಕೆ ಹಿಂದೂ ಸಮಾಜಕ್ಕೆ ನಾಚಿಕೆಯಿಲ್ಲವೇ ಎಂದು ಅಂಬೇಡ್ಕರ್ 1936ರ ತಮ್ಮ ಜಾತಿವಿನಾಶದ ಪ್ರಬಂಧದಲ್ಲಿ ಕೇಳಿದ್ದು ಇದೇ ಕಾರಣಕ್ಕೆ. 1911ರಲ್ಲಿ ಕಾಯ್ದೆ ಮುಂಬಯಿ, ಮದ್ರಾಸುಗಳನ್ನೂ ಒಳಗೊಂಡು ಇಡೀ ಬ್ರಿಟಿಷ್ ಭಾರತಕ್ಕೆ ಹಬ್ಬಿತು. 1924ರಲ್ಲಿ ಎಲ್ಲ ತಿದ್ದುಪಡಿಗಳನ್ನೂ ಸೇರಿಸಿ ಹೊಸದಾಗಿ ಬರೆಯಲಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ದೇಶದ ಸ್ವಾತಂತ್ರ್ಯದ ಮಾತು ಮೊಳಗುತ್ತಿದ್ದ ಅದೇ ಜಿಲ್ಲೆಯಲ್ಲಿ ಕೆಲವು ಕುಟುಂಬಗಳು ಪಕ್ಕದ ಊರಿಗೆ ಹೋಗಲಿಕ್ಕೂ ಪಾಸ್ ಕೇಳಬೇಕಾಗಿತ್ತು.

ಕಾಯ್ದೆಯ ಕಲಮುಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾವುದೇ ಬುಡಕಟ್ಟು, ಗುಂಪು ಅಥವಾ ವರ್ಗ ಜಾಮೀನಿಲ್ಲದ ಅಪರಾಧಗಳನ್ನು ರೂಢಿಯಾಗಿ ಮಾಡುತ್ತದೆಂದು ಪ್ರಾಂತ ಸರಕಾರಕ್ಕೆ ಅನ್ನಿಸಿದರೆ ಸಾಕು, ಗೆಜೆಟ್ಟಿನಲ್ಲಿ ಸಾರಬಹುದು. ಹಾಗೆ ಸಾರಿದ್ದು ಸರಿಯೋ ತಪ್ಪೋ ಎಂದು ಯಾವ ಕೋರ್ಟೂ ಕೇಳುವಂತಿಲ್ಲ. ಹೆಸರು ನೋಂದಾಯಿಸಿಕೊಂಡವರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆಯಬಹುದು. ಅವರು ಗೊತ್ತಾದ ಹೊತ್ತಿಗೆ ಹಾಜರಿ ಕೊಡಬೇಕು. ವಾಸ ಬದಲಾದರೆ, ಊರು ಬಿಟ್ಟು ಹೋಗುವುದಾದರೆ ಮೊದಲೇ ತಿಳಿಸಬೇಕು. ಬೇಕೆನಿಸಿದರೆ ಸರಕಾರ ಇಡೀ ಸಮುದಾಯವನ್ನು ಒಂದು ಸೆಟ್ಲಮೆಂಟಿನಲ್ಲಿ ಕೂರಿಸಬಹುದು. ಆರು ವರ್ಷ ದಾಟಿದ, ಹದಿನೆಂಟು ತುಂಬದ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಶಾಲೆಯಲ್ಲಿಡಬಹುದು. ಒಂದು ಅಪರಾಧಕ್ಕೆ ಬೇರೆಯವರಿಗೆ ಕೆಲವು ತಿಂಗಳ ಸಜೆಯಾದರೆ, ನೋಂದಾಯಿತನಿಗೆ ಎರಡನೆಯ ಸಲ ಕನಿಷ್ಠ ಏಳು ವರ್ಷ, ಮೂರನೆಯ ಸಲ ಜೀವಾವಧಿ ಗಡೀಪಾರು. ಆದರೆ ನೋಂದಣಿ ಪುಸ್ತಕಕ್ಕೆ ಸೇರಲು ಆ ಮನುಷ್ಯ ಮೊದಲು ಏನಾದರೂ ಮಾಡಿರಬೇಕೆಂಬ ಷರತ್ತಿಲ್ಲ. ಅಪರಾಧ ನಡೆಯುವ ಮೊದಲೇ ಅಪರಾಧಿಯನ್ನು ಹಿಡಿಯುವ ಆಸೆ ಈ ಕಾಯ್ದೆಯ ಜೀವಾಳ. ವಿಮಾನ ನಿಲ್ದಾಣದ ತಪಾಸಣೆಯ ಆಸೆಯೂ ಅದೇ, ಆಸೆ ತಪ್ಪಲ್ಲ. ಹಿಡಿಯಬೇಕಾದವನನ್ನು ಯಾವ ಗುರುತಿನಿಂದ ಹುಡುಕುತ್ತೀರಿ ಎನ್ನುವಲ್ಲಿ ಜಗಳ ಶುರುವಾಗುತ್ತದೆ.

ಮುಂಬಯಿ ಕರ್ನಾಟಕದಲ್ಲಿ ಈ ಬಲೆಗೆ ಬಿದ್ದವರು ಯಾರು? ಘಂಟಿಚೋರರು, ಕೊರಚರು, ಕೈಕಾಡಿಗಳು, ಹರಣಶಿಕಾರಿಗಳು, ಭಾಮ್ಟಾಗಳು, ಕಂಜರಭಾಟರು, ವಿಜಾಪುರ ಭಾಗದ ಛಪ್ಪರಬಂದ ಮುಸ್ಲಿಮರು, ಬೇಡರು. ಇವರಲ್ಲಿ ಯಾರೂ ಅಪರಾಧ ಮಾಡಿರಲಿಲ್ಲವೆಂದರೆ ಅದು ಸುಳ್ಳಾಗುತ್ತದೆ. ದರೋಡೆ ಮಾಡಿದವರಿದ್ದರು, ಜಾತ್ರೆಯಲ್ಲಿ ಗಂಟು ಕದ್ದವರಿದ್ದರು, ಖೋಟಾ ನಾಣ್ಯ ಚಲಾಯಿಸಿದವರಿದ್ದರು. ಆದರೆ ಅವರ ಹಿಂದಿನ ನೂರು ವರ್ಷದಲ್ಲಿ ಆದದ್ದನ್ನೂ ನೋಡಬೇಕಲ್ಲ. ಎತ್ತಿನ ಮೇಲೆ ಹೇರು ಹಾಕಿ ಘಟ್ಟದ ಕೆಳಗಿನಿಂದ ಉಪ್ಪು, ಮೇಲಿನಿಂದ ಕಾಳು ಸಾಗಿಸುತ್ತಿದ್ದ ಲಂಬಾಣಿ, ಕೊರಚರ ವ್ಯಾಪಾರವನ್ನು ಮೊದಲು ಗಾಡಿರಸ್ತೆ, ಆಮೇಲೆ ರೈಲು ನುಂಗಿತು. ಫಾಲ್ಸಿನ ಗಿರಣಿ ಶುರುವಾದ ಅದೇ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಈ ಸೀಮೆಯನ್ನು ಹೊಕ್ಕಿತು. ಬೇಟೆಯವರಿಗೆ ಅರಣ್ಯ ಕಾಯ್ದೆ ಕಾಡಿನ ಬಾಗಿಲು ಹಾಕಿತು. ಇದರ ನಡುವೆ 1876-78ರ ಬರ ಬಂದು ಹೋಗಿತ್ತು. ಬೇಡರದು ಬೇರೆಯದೇ ಕಥೆ. ಮುಧೋಳ ಸೀಮೆಯ ಹಲಗಲಿಯಲ್ಲಿ 1857ರಲ್ಲಿ ಅವರು ಎದ್ದು ನಿಂತದ್ದು ಸರಕಾರ ಹತಾರು ಒಪ್ಪಿಸಿರೆಂದು ಹುಕುಂ ಮಾಡಿದ್ದಕ್ಕೆ. ಆ ದಂಗೆಯನ್ನು ಊರಿಗೇ ಬೆಂಕಿಯಿಟ್ಟು ಅಡಗಿಸಿದರು, ಹಿಡಿದವರನ್ನು ಗಲ್ಲಿಗೇರಿಸಿದರು. ಆ ದಂಗೆಯ ಮೇಲೆ ಜನ ಕಟ್ಟಿದ ಲಾವಣಿಯನ್ನು ಆಮೇಲೆ ಬರೆದಿಟ್ಟು ಉಳಿಸಿದವನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಎಂಬುದು ಇತಿಹಾಸದ ಒಂದು ಕುಚೋದ್ಯ. ಕೋಟೆ ಕಾದವರ, ಪಾಳೆಯಗಾರರ ದಂಡಿನವರ ಮಕ್ಕಳು ಹೀಗೆ ಪೊಲೀಸ್ ಪಟ್ಟಿಯ ಕಳ್ಳರಾದರು. ದಾರಿಗಳನ್ನು ಒಂದೊಂದಾಗಿ ಮುಚ್ಚಿದ ಸರಕಾರ, ಉಳಿದ ದಾರಿಯಲ್ಲಿ ಹೋದವರ ರಕ್ತದಲ್ಲೇ ಕಳವು ಇದೆಯೆಂದು ತೀರ್ಮಾನಿಸಿತು.

ಈ ತೀರ್ಮಾನ ಒಂದು ವಿದ್ಯೆಯಾಗಿ ಬೆಳೆದದ್ದನ್ನು ನೋಡಬೇಕೆಂದರೆ ಮೈಕೆಲ್ ಕೆನಡಿ 1908ರಲ್ಲಿ ಪ್ರಕಟಿಸಿದ, ಮುಂಬಯಿ ಇಲಾಖೆಯ ಅಪರಾಧಿ ವರ್ಗಗಳ ಮೇಲಿನ ಟಿಪ್ಪಣಿಗಳ ಪುಸ್ತಕವನ್ನು ತೆರೆಯಬೇಕು. ಕೆನಡಿ ಪೊಲೀಸ್ ಖಾತೆಯ ಹಿರಿಯ ಅಧಿಕಾರಿ, ಪುಸ್ತಕ ಬರೆದದ್ದು ಫೌಜದಾರರ ಉಪಯೋಗಕ್ಕೆ. ಒಂದೊಂದು ಜಾತಿಗೂ ಒಂದೊಂದು ಅಧ್ಯಾಯ, ಪ್ರತಿ ಅಧ್ಯಾಯದಲ್ಲೂ ಹೆಚ್ಚುಕಡಿಮೆ ಅವೇ ಉಪಶೀರ್ಷಿಕೆಗಳು: ಎಲ್ಲಿರುತ್ತಾರೆ, ಎಷ್ಟು ಜನ, ಚಹರೆ ಎಂಥದು, ಉಡುಪು ಹೇಗೆ, ಮಾತಿನ ರೀತಿ ಯಾವುದು, ತೋರಿಕೆಗೆ ಯಾವ ಉದ್ಯೋಗ ಮಾಡುತ್ತಾರೆ, ಯಾವ ವೇಷ ಹಾಕುತ್ತಾರೆ, ಯಾವ ಅಪರಾಧ, ಕದ್ದ ಮಾಲು ಎಲ್ಲಿ ಅಡಗಿಸುತ್ತಾರೆ. ಇವತ್ತಿನ ವಿಮಾನ ನಿಲ್ದಾಣದ ಅಧಿಕಾರಿಯ ಕೈಗೆ ಕೊಡುವ ಚಹರೆಪಟ್ಟಿಗೆ ಇದಕ್ಕಿಂತ ಅಚ್ಚುಕಟ್ಟಾದ ಪೂರ್ವಜ ಸಿಗಲಾರದು. ಇಲ್ಲಿ ಗಮನಿಸಬೇಕಾದದ್ದು ಉದ್ಯೋಗದ ಶೀರ್ಷಿಕೆ. ಬುಟ್ಟಿ ಹೆಣೆಯುವುದು, ಬೀಸುವ ಕಲ್ಲು ಕುಟ್ಟುವುದು, ದನ ಮಾರುವುದು, ಕೂಲಿಗೆ ಹೋಗುವುದು ಎಲ್ಲವೂ ಅಲ್ಲಿ ತೋರಿಕೆಯ ಉದ್ಯೋಗಗಳೇ. ಅಂದರೆ ಕೊರಚನೊಬ್ಬ ದಿನವಿಡೀ ಬುಟ್ಟಿ ಹೆಣೆದರೆ ಅದು ಅವನು ದುಡಿದು ತಿನ್ನುವವನೆಂಬುದಕ್ಕೆ ಸಾಕ್ಷಿಯಾಗದೆ, ಕಳವನ್ನು ಮರೆಮಾಡುವ ಜಾಣತನಕ್ಕೆ ಸಾಕ್ಷಿಯಾಗುತ್ತದೆ. ಕದ್ದರೆ ಪುಸ್ತಕ ಹೇಳಿದ್ದು ನಿಜ, ಕದಿಯದಿದ್ದರೆ ಅವನು ಇನ್ನೂ ಸಿಕ್ಕಿಬಿದ್ದಿಲ್ಲ. ಯಾವ ನಡತೆಯಿಂದಲೂ ಆ ಮನುಷ್ಯ ಪಟ್ಟಿಯಿಂದ ಹೊರಗೆ ಬರುವಂತಿಲ್ಲ.

ಪುಸ್ತಕದ ಇನ್ನೊಂದು ಒಳವಿರೋಧ ಅದರ ವೇಷದ ಟಿಪ್ಪಣಿಗಳಲ್ಲಿದೆ. ಛಪ್ಪರಬಂದರು ಫಕೀರರ ವೇಷದಲ್ಲಿ ತಿರುಗಿ ಖೋಟಾ ನಾಣ್ಯ ಚಲಾಯಿಸುತ್ತಾರೆಂದು ಆ ಕಾಲದ ಪೊಲೀಸ್ ಬರವಣಿಗೆ ಹೇಳುತ್ತದೆ. ರೈಲು, ಜಾತ್ರೆ, ಸ್ನಾನಘಟ್ಟಗಳಲ್ಲಿ ಕೈಚಳಕ ತೋರಿಸುವ ಭಾಮ್ಟಾಗಳು ಒಳ್ಳೆಯ ಬಟ್ಟೆಯ ಗೌರವಸ್ಥ ಪ್ರಯಾಣಿಕರಂತೆ ಇರುತ್ತಾರೆಂದೂ ಹೇಳುತ್ತದೆ. ಒಪ್ಪೋಣ. ಹಾಗಿದ್ದರೆ ಭಾಮ್ಟಾನ ಚಹರೆಯನ್ನು ಕಲಿತ ರೈಲ್ವೆ ಪೊಲೀಸ್ ಪ್ಲಾಟ್‌ಫಾರ್ಮಿನಲ್ಲಿ ಯಾರನ್ನು ಹಿಡಿಯುತ್ತಾನೆ? ಭಾಮ್ಟಾನಂತೆ ಕಾಣುವವನನ್ನು, ಅಂದರೆ ಕಳವಿಗೆಂದು ಹೊರಡದೆ ತನ್ನ ಎಂದಿನ ಬಟ್ಟೆಯಲ್ಲೇ ಮಗಳ ಮನೆಗೆ ಹೊರಟವನನ್ನು. ಕಸುಬುದಾರ ಕಳ್ಳ ಜರಿಪಟಕಾ ಸುತ್ತಿಕೊಂಡು ಅದೇ ಪೊಲೀಸನ ಸಲಾಮು ಪಡೆದು ಮುಂದೆ ಹೋಗುತ್ತಾನೆ. ಫಕೀರನ ವಿಷಯದಲ್ಲಿ ಅನ್ಯಾಯ ಇನ್ನೂ ಅಗಲ, ಏಕೆಂದರೆ ಛಪ್ಪರಬಂದ ಫಕೀರನ ವೇಷ ಹಾಕುತ್ತಾನೆಂದ ಮೇಲೆ ಉರುಸಿಗೆ ಹೊರಟ ನಿಜವಾದ ಫಕೀರನೂ ಅನುಮಾನಿತನೇ. ಒಂದು ಜಾತಿಯ ಮೇಲಿನ ಅನುಮಾನ ಒಂದು ಧರ್ಮದ ಉಡುಪಿನ ಮೇಲಿನ ಅನುಮಾನವಾಗಿ ಹರಡುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಗಡ್ಡದ ಮೇಲೆ ಕಣ್ಣಿಟ್ಟ ತಪಾಸಣೆಯವನು ಕ್ಷೌರ ಮಾಡಿಸಿಕೊಂಡು ಬಂದವನನ್ನು ಬಿಟ್ಟು, ಬಿಟ್ಟ ಗಡ್ಡದಲ್ಲೇ ಬಂದ ಬಡಪಾಯಿಯನ್ನು ಬದಿಗೆ ನಿಲ್ಲಿಸುತ್ತಾನೆ.

ಇನ್ನು ಸೆಟ್ಲಮೆಂಟಿನ ವಿಷಯ. ಮುಂಬಯಿ ಪ್ರಾಂತದಲ್ಲಿ ಇದನ್ನು ಕಟ್ಟಿದವನು ಒ. ಎಚ್. ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ. 1910ರ ಆಸುಪಾಸಿನಲ್ಲಿ ವಿಜಾಪುರದಲ್ಲಿ ಅವನ ಕೆಲಸ ಶುರುವಾಯಿತು, ಆಮೇಲೆ ಪ್ರಾಂತದ ಎಲ್ಲ ಸೆಟ್ಲಮೆಂಟುಗಳೂ ಅವನ ಕೈಕೆಳಗೆ ಬಂದವು. ಅಲೆಯುವವನಿಗೆ ಬರೀ ಕಾವಲು ಹಾಕಿದರೆ ಹೊಟ್ಟೆಗೇನು ಮಾಡುತ್ತಾನೆ, ಕೆಲಸ ಇರುವಲ್ಲೇ ಅವನನ್ನು ಕೂರಿಸಬೇಕು ಎಂಬುದು ಅವನ ಲೆಕ್ಕ. ಕೆಲಸ ಇದ್ದದ್ದು ಗಿರಣಿಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ, ಕಾಲುವೆ-ಅಣೆಕಟ್ಟಿನ ಕಾಮಗಾರಿಗಳಲ್ಲಿ. ಹಾಗಾಗಿ ಸೊಲ್ಲಾಪುರದಲ್ಲಿ ಗಿರಣಿಗಳ ಮಗ್ಗುಲಲ್ಲಿ, ಹುಬ್ಬಳ್ಳಿಯಲ್ಲಿ ಗಿರಣಿ ಮತ್ತು ರೈಲ್ವೆಗೆ ಹತ್ತಿರದಲ್ಲಿ, ಇಲ್ಲಿ ಫಾಲ್ಸಿನ ಗಿರಣಿಗೆ ಅಂಟಿಕೊಂಡು ಸೆಟ್ಲಮೆಂಟುಗಳು ಎದ್ದವು. ಕೆಲವನ್ನು ಸರಕಾರ ನೇರವಾಗಿ ನಡೆಸಿತು, ಸೊಲ್ಲಾಪುರದ್ದನ್ನು ಅಮೆರಿಕನ್ ಮರಾಠಿ ಮಿಶನ್ ವಹಿಸಿಕೊಂಡಂತೆ ಕೆಲವು ಮಿಶನರಿಗಳ ಕೈಗೆ ಹೋದವು. ಗೋಕಾಕದಂಥ ಕಡೆ ಈ ಏರ್ಪಾಡು ಗಿರಣಿಗೆ ಎಷ್ಟು ಅನುಕೂಲವಾಗಿತ್ತೆಂದು ಊಹಿಸುವುದು ಕಷ್ಟವಲ್ಲ. ನೀರು ಇಲ್ಲಿ ಬೀಳುತ್ತದೆಂದು ಗಿರಣಿ ಇಲ್ಲಿಗೆ ಬಂದದ್ದು, ಜನ ಇದ್ದಾರೆಂದಲ್ಲ. ಬಂದ ಕೂಲಿಕಾರ ಬಿತ್ತನೆ, ಸುಗ್ಗಿಗೆ ಊರಿಗೆ ಓಡುವವನು. ಸೆಟ್ಲಮೆಂಟಿನವನು ಓಡುವಂತಿಲ್ಲ, ಓಡಿದರೆ ಅದು ಅಪರಾಧ. ರಾತ್ರಿ ಹಾಜರಿಯಲ್ಲಿ ಹೆಸರು ಕೂಗಿದಾಗ ಇಲ್ಲದಿದ್ದರೂ ಅಪರಾಧ. ಪಾಸ್ ಇಲ್ಲದೆ ಜಾತ್ರೆಗೆ ಹೋದರೆ, ಪಾಸಿನಲ್ಲಿ ಬರೆದ ಊರು ಬಿಟ್ಟು ಬೇರೆ ಊರಿಗೆ ಹೋದರೆ, ಹೋದ ಊರಿನಲ್ಲಿ ಹೇಳಿದವರ ಮುಂದೆ ಹಾಜರಾಗದಿದ್ದರೆ ಎಲ್ಲವೂ ಅಪರಾಧ.

ಪದ್ಧತಿ ತನ್ನ ಸಾಕ್ಷಿಯನ್ನು ತಾನೇ ತಯಾರಿಸಿಕೊಳ್ಳುವುದು ಇಲ್ಲಿಯೇ. ಬೇರೆ ಯಾವ ಪ್ರಜೆಗೂ ಇಲ್ಲದ ಹೊಸ ಅಪರಾಧಗಳನ್ನು ಒಂದು ಸಮುದಾಯಕ್ಕೆಂದೇ ಸೃಷ್ಟಿಸಿದ್ದಾರೆ. ಅವುಗಳಲ್ಲಿ ಸಿಕ್ಕವರು ಸಜೆಯಾಗಿ ಬರುತ್ತಾರೆ. ಸಜೆಯಾದವರ ಲೆಕ್ಕ ವರ್ಷದ ವರದಿಯಲ್ಲಿ ಸೇರುತ್ತದೆ. ಈ ಸಮುದಾಯದಲ್ಲಿ ಇಷ್ಟು ಜನ ಸಜೆಯಾದವರಿದ್ದಾರೆ, ಆದ್ದರಿಂದ ನೋಂದಣಿ ಮುಂದುವರಿಯಬೇಕು ಎಂದು ಅದೇ ಲೆಕ್ಕ ಮರುವರ್ಷ ವಾದಕ್ಕೆ ನಿಲ್ಲುತ್ತದೆ. ಸಜೆ ಕಡಿಮೆಯಾದರೆ? ಆಗ ವ್ಯವಸ್ಥೆ ಫಲ ಕೊಡುತ್ತಿದೆ, ಆದ್ದರಿಂದ ಮುಂದುವರಿಯಬೇಕು. ಲೆಕ್ಕ ಏರಿದರೂ ಇಳಿದರೂ ಕೊನೆಯ ಸಾಲು ಒಂದೇ. ಅದರ ಜೊತೆಗೆ, ಹಳ್ಳಿಯಲ್ಲಿ ಕಳವಾದಾಗ ಪೊಲೀಸ್ ಪಾಟೀಲ ಮೊದಲು ಹೋಗುವುದು ನೋಂದಾಯಿತರ ಗುಡಿಸಲಿಗೆ. ಹುಡುಕಿದಲ್ಲಿ ಏನಾದರೂ ಸಿಗುತ್ತದೆ, ಹುಡುಕದಲ್ಲಿ ಏನೂ ಸಿಗುವುದಿಲ್ಲ. ಊರ ಗೌಡರ ವಾಡೆಯಲ್ಲಿ ಅದೇ ಶ್ರದ್ಧೆಯಿಂದ ಹುಡುಕಿದ್ದರೆ ಸಾಲದ ಕಾಗದ, ಒತ್ತುವರಿ ಹೊಲ, ಜೀತದಾಳುಗಳ ರೂಪದಲ್ಲಿ ಏನೇನು ಸಿಗುತ್ತಿತ್ತೋ, ಅದಕ್ಕೆ ಯಾವ ಕೈಪಿಡಿಯಲ್ಲೂ ಅಧ್ಯಾಯವಿರಲಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸ್ಟಾರ್ಟ್ ಕ್ರೂರಿಯಾಗಿರಲಿಲ್ಲ. ಸೆಟ್ಲಮೆಂಟುಗಳಲ್ಲಿ ಶಾಲೆಯಿತ್ತು, ಕೂಲಿಯಿತ್ತು, ಔಷಧವಿತ್ತು. ನಡತೆ ಚೆನ್ನಾಗಿದ್ದ ಕುಟುಂಬಕ್ಕೆ ಹಾಜರಿ ಸಡಿಲವಾಗಿ, ತಂತಿಬೇಲಿಯ ಹೊರಗಿನ ಮುಕ್ತ ಕಾಲನಿಗೆ ಹೋಗುವ ಅವಕಾಶವಿತ್ತು. ಮುಂಬಯಿ ಸರಕಾರ 1928ರಲ್ಲಿ ಅಸ್ಪೃಶ್ಯರ ಮತ್ತು ಆದಿವಾಸಿಗಳ ಸ್ಥಿತಿಗತಿ ನೋಡಲು ಸಮಿತಿ ಮಾಡಿದಾಗ ಅದರ ಅಧ್ಯಕ್ಷನೂ ಅವನೇ. ಅಂಬೇಡ್ಕರ್, ಠಕ್ಕರ್ ಬಾಪಾ, ಡಾ. ಸೋಳಂಕಿ ಅದರ ಸದಸ್ಯರಾಗಿದ್ದರು, 1930ರಲ್ಲಿ ಬಂದ ಅದರ ವರದಿಯನ್ನು ಇಂದಿಗೂ ಸ್ಟಾರ್ಟ್ ಸಮಿತಿ ವರದಿ ಎಂದೇ ಕರೆಯುತ್ತಾರೆ. ಹಸಿವಿನಿಂದ ಅಲೆಯುತ್ತಿದ್ದವರಿಗೆ ಗಿರಣಿ ಕೂಲಿ ಸಿಕ್ಕಿತು, ಮಕ್ಕಳು ಅಕ್ಷರ ಕಲಿತರು, ಇದು ಒಳ್ಳೆಯದಲ್ಲವೇ ಎಂದು ಕೇಳಬಹುದು. ಒಳ್ಳೆಯದೇ. ಆದರೆ ಶಾಲೆಗೆ, ಕೂಲಿಗೆ, ಔಷಧಕ್ಕೆ ಬೆರಳಚ್ಚಿನ ನೋಂದಣಿ ಯಾಕೆ ಬೇಕಾಗಿತ್ತು? ಅದೇ ಗಿರಣಿಯಲ್ಲಿ ಬೇರೆ ಜಾತಿಯ ಕೂಲಿಕಾರರಿಗೆ ಹಾಜರಿ ಕೊಡದೆಯೂ ಪಗಾರ ಸಿಗುತ್ತಿತ್ತು. ಮುಕ್ತ ಕಾಲನಿಗೆ ಹೋಗಲು ಅರ್ಹತೆ ಸಾಬೀತು ಮಾಡಬೇಕಾಗಿದ್ದದ್ದು ತಪ್ಪೇ ಮಾಡದ ಕುಟುಂಬ, ಸಾಕಾಯಿತೋ ಇಲ್ಲವೋ ಎಂದು ಹೇಳುವವನು ಕಾವಲಿಗೆ ನಿಂತ ಅಧಿಕಾರಿ. ಒಳ್ಳೆಯ ಮನಸ್ಸಿನ ಅಧಿಕಾರಿಯ ಕೈಯಲ್ಲೂ ಪದ್ಧತಿ ಇಷ್ಟೇ ಆಗಲು ಸಾಧ್ಯವಾದರೆ ದೋಷ ಅಧಿಕಾರಿಯದಲ್ಲ. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಗೃಹಮಂತ್ರಿ ಕೆ. ಎಂ. ಮುನ್ಷಿಯವರ ಸಮಿತಿ ಇಡೀ ಏರ್ಪಾಡನ್ನು ಮರುಪರಿಶೀಲಿಸಿತು. ಕಾಯ್ದೆ ಮುಂಬಯಿ ಪ್ರಾಂತದಲ್ಲಿ ಹೋಗಲು ಮಾತ್ರ ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಎರಡನೆಯ ಆಕ್ಷೇಪ ಇವತ್ತಿನದು. ವಿಮಾನ ನಿಲ್ದಾಣದಲ್ಲಿ ಲಕ್ಷಾಂತರ ಜನ ಹಾಯುತ್ತಾರೆ, ಸಿಬ್ಬಂದಿ ಕಡಿಮೆ, ಅಪಾಯದ ಸಂಭವ ಹೆಚ್ಚಿರುವ ಗುಂಪಿನ ಮೇಲೆ ಹೆಚ್ಚು ಕಣ್ಣಿಡುವುದು ದ್ವೇಷವಲ್ಲ, ಬರೀ ಲೆಕ್ಕಾಚಾರ ಎನ್ನುತ್ತಾರೆ. ಲೆಕ್ಕಾಚಾರವೇ ಆಗಲಿ, ಲೆಕ್ಕ ನೋಡೋಣ. 1972ರ ಮೇ 30ರಂದು ಇಸ್ರೇಲಿನ ಲೋದ್ ವಿಮಾನ ನಿಲ್ದಾಣದಲ್ಲಿ ಮೂವರು ಪ್ರಯಾಣಿಕರು ಪಿಟೀಲಿನ ಪೆಟ್ಟಿಗೆಯಿಂದ ಬಂದೂಕು ತೆಗೆದು 26 ಜನರನ್ನು ಕೊಂದರು. ಕಾವಲಿನವರ ಕಣ್ಣು ಪ್ಯಾಲೆಸ್ಟೀನಿಯರ ಮೇಲಿತ್ತು, ಬಂದವರು ಜಪಾನೀಯರು. ಸತ್ತವರಲ್ಲಿ ಹೆಚ್ಚಿನವರು ಪೋರ್ಟೊ ರಿಕೊದಿಂದ ಬಂದ ಕ್ರೈಸ್ತ ಯಾತ್ರಿಕರು. 1986ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೀತ್ರೋದಲ್ಲಿ ಇಸ್ರೇಲಿನ ಎಲ್ ಆಲ್ ಕಂಪನಿಯ ವಿಮಾನ ಹತ್ತಲು ಬಂದ ಗರ್ಭಿಣಿ ಐರಿಷ್ ಹೆಣ್ಣುಮಗಳ ಚೀಲದ ಅಡಿಯಲ್ಲಿ, ಅವಳಿಗೇ ಗೊತ್ತಿಲ್ಲದಂತೆ, ಅವಳ ಗೆಳೆಯ ಸ್ಫೋಟಕ ಅಡಗಿಸಿಟ್ಟಿದ್ದ. ಎಲ್ ಆಲ್ ಸಿಬ್ಬಂದಿ ಅದನ್ನು ಹಿಡಿದದ್ದನ್ನು ಚಹರೆ ತಪಾಸಣೆಯ ಗೆಲುವೆಂದು ಅದರ ಪರದವರು ಎತ್ತಿ ಹೇಳುತ್ತಾರೆ. ಆದರೆ ಅವಳ ಜನಾಂಗದಲ್ಲಾಗಲಿ ಧರ್ಮದಲ್ಲಾಗಲಿ ಅನುಮಾನಕ್ಕೆ ಕಾರಣವೇ ಇರಲಿಲ್ಲ. ಅವಳು ಹೇಳಿದ ಪ್ರಯಾಣದ ವಿವರವನ್ನು ಕೇಳಿ, ಚೀಲವನ್ನು ಬಿಚ್ಚಿ ನೋಡಿದ್ದರಿಂದ ಸಿಕ್ಕಿತು. ಅಮೆರಿಕದ ಕಸ್ಟಮ್ಸ್ ಖಾತೆಯ ಅನುಭವ ಇದಕ್ಕಿಂತ ನೇರವಾದದ್ದು. 1990ರ ದಶಕದ ಕೊನೆಗೆ ಅಲ್ಲಿ ಮಾದಕ ವಸ್ತುವಿಗಾಗಿ ಮೈ ತಪಾಸಣೆಗೆ ಒಳಗಾಗುತ್ತಿದ್ದವರಲ್ಲಿ ಕಪ್ಪು ಮತ್ತು ಲ್ಯಾಟಿನೋ ಜನ ಅವರ ಪ್ರಮಾಣ ಮೀರಿ ಇದ್ದರು, ಆದರೆ ಮಾಲು ಸಿಗುವ ಪ್ರಮಾಣ ಬಿಳಿಯರಿಗಿಂತ ಅವರಲ್ಲಿ ಹೆಚ್ಚಿರಲಿಲ್ಲ. 1999ರಲ್ಲಿ ಕಮಿಷನರ್ ರೇಮಂಡ್ ಕೆಲ್ಲಿ ನಿಯಮ ಬದಲಿಸಿ, ಮೇಲಧಿಕಾರಿಯ ಒಪ್ಪಿಗೆಯಿಲ್ಲದೆ ಅಂಥ ತಪಾಸಣೆ ಮಾಡದಂತೆ, ವರ್ತನೆಯ ಖಚಿತ ಕಾರಣ ಇರುವಂತೆ ಮಾಡಿದ. ತಪಾಸಣೆಗಳ ಸಂಖ್ಯೆ ಸುಮಾರು ಕಾಲುಭಾಗಕ್ಕೆ ಇಳಿಯಿತು, ಮಾಲು ಸಿಕ್ಕ ಪ್ರಮಾಣ ಹಲವು ಪಟ್ಟು ಏರಿತು. ಹುಟ್ಟಿನ ಗುರುತು ಬಿಟ್ಟಾಗ ಕೆಲಸ ಹೆಚ್ಚು ಕರಾರುವಾಕ್ಕಾಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಕೆನಿಸುವುದಿಲ್ಲ.

ಹಾಗಾದರೆ ವರ್ತನೆ ನೋಡಿದರೆ ಆಯಿತಲ್ಲ ಎನ್ನಬಹುದು. ಅಲ್ಲೂ ಎಚ್ಚರ ಬೇಕು. ಅಮೆರಿಕದ ವಿಮಾನ ಭದ್ರತಾ ಸಂಸ್ಥೆ 2007ರಿಂದ ಪ್ರಯಾಣಿಕರ ಹಾವಭಾವ ಓದುವ ಯೋಜನೆಯೊಂದಕ್ಕೆ ಸುಮಾರು 90 ಕೋಟಿ ಡಾಲರ್ ಸುರಿದ ಮೇಲೆ, 2013ರಲ್ಲಿ ಅಲ್ಲಿನ ಸರಕಾರಿ ಲೆಕ್ಕಪರಿಶೋಧಕರು ಅದು ಫಲ ಕೊಡುತ್ತದೆನ್ನಲು ಆಧಾರವಿಲ್ಲ, ಹಣ ಕಡಿಮೆ ಮಾಡಿ ಎಂದರು. ಹೆದರಿದ ಮುಖವನ್ನು ಹುಡುಕುವವನಿಗೆ, ಹಿಂದೆ ಹತ್ತು ಸಲ ಬದಿಗೆ ನಿಲ್ಲಿಸಲ್ಪಟ್ಟವನ ಮುಖವೇ ಮೊದಲು ಕಾಣುತ್ತದೆ. ಘಂಟಿಚೋರನೊಬ್ಬ ಫೌಜದಾರನನ್ನು ಕಂಡು ದಾರಿ ಬದಲಿಸಿದರೆ ಅದನ್ನೂ ಹೀಗೆಯೇ ಓದುತ್ತಿದ್ದರು. ಅನುಮಾನಾಸ್ಪದ ಸ್ಥಿತಿಯಲ್ಲಿ ಕಂಡುಬಂದದ್ದಕ್ಕೇ ಮೂರು ವರ್ಷದವರೆಗೆ ಸಜೆ ಕೊಡುವ ಕಲಮು ಆ ಕಾಯ್ದೆಯಲ್ಲಿತ್ತು.

ಸೆಟ್ಲಮೆಂಟಿನಲ್ಲಿ ಬದುಕು ಸವೆಸುವುದೆಲ್ಲಿ, ವಿಮಾನ ನಿಲ್ದಾಣದಲ್ಲಿ ಹತ್ತು ನಿಮಿಷ ಹೆಚ್ಚು ನಿಲ್ಲುವುದೆಲ್ಲಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ತೂಗಬಾರದು. ಫಾಲ್ಸಿನವರು ಅನುಭವಿಸಿದ್ದು ಎಷ್ಟೋ ಪಟ್ಟು ದೊಡ್ಡದು. ತರ್ಕ ಮಾತ್ರ ಒಂದೇ, ಅದು ಹತ್ತು ನಿಮಿಷಕ್ಕೆ ನಿಲ್ಲುತ್ತದೆಂಬ ಖಾತ್ರಿಯೂ ಇಲ್ಲ. ಇದಕ್ಕೆ ಕನ್ನಡ ನಾಡಿನದೇ ಉದಾಹರಣೆ ಡಾ. ಮೊಹಮದ್ ಹನೀಫ್. ಮೂಡಿಗೆರೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಓದಿದ ಈ ವೈದ್ಯರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ, ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದಾಗ, ಆಸ್ಟ್ರೇಲಿಯಾ ಪೊಲೀಸರು ಬಂಧಿಸಿದರು. ನ್ಯಾಯವಾಗಿ ಹೇಳಬೇಕೆಂದರೆ ಇದು ಬರೀ ಹೆಸರು ನೋಡಿ ಹಿಡಿದ ಪ್ರಕರಣವಲ್ಲ. ಗ್ಲಾಸ್ಗೋ ವಿಮಾನ ನಿಲ್ದಾಣದ ದಾಳಿಕೋರರಲ್ಲೊಬ್ಬ ಅವರ ದೂರದ ನೆಂಟ, ಒಂದು ವರ್ಷದ ಹಿಂದೆ ಇಂಗ್ಲೆಂಡ್ ಬಿಡುವಾಗ ಅವನ ಸಹೋದರನಿಗೆ ಹನೀಫ್ ತಮ್ಮ ಸಿಮ್ ಕಾರ್ಡ್ ಕೊಟ್ಟು ಬಂದಿದ್ದರು. ವಿಚಾರಿಸಲು ಕಾರಣವಿತ್ತು. ಆಮೇಲೆ ನಡೆದದ್ದು ಕೆನಡಿಯ ಪುಸ್ತಕದ ರೀತಿಯಲ್ಲಿ ನಡೆಯಿತು. ಮರಳಿ ಬರುವ ಟಿಕೆಟ್ ಇಲ್ಲದೆ ಹೋಗುವ ಟಿಕೆಟ್ ಮಾತ್ರ ತೆಗೆದದ್ದು ಓಡಿಹೋಗುವುದಕ್ಕೆ ಸಾಕ್ಷಿಯಾಯಿತು, ನೆಂಟಸ್ತಿಕೆ ಸಂಚಿಗೆ ಸಾಕ್ಷಿಯಾಯಿತು. ಸಿಮ್ ಕಾರ್ಡ್ ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲಿ ಸಿಕ್ಕಿತೆಂದು ಕೋರ್ಟಿನಲ್ಲೇ ಹೇಳಲಾಯಿತು, ಅದು ನಿಜವಾಗಿ ಇದ್ದದ್ದು ಲಿವರ್‌ಪೂಲಿನಲ್ಲಿ. ಆರೋಪವಿಲ್ಲದೆ ಹನ್ನೆರಡು ದಿನ ಇಟ್ಟರು. ಜಾಮೀನು ಸಿಕ್ಕ ದಿನವೇ ಮಂತ್ರಿ ವೀಸಾ ರದ್ದು ಮಾಡಿದರು. ಜುಲೈ 27ರಂದು ಆರೋಪ ಬಿದ್ದುಹೋಯಿತು, ಆಗಸ್ಟಿನಲ್ಲಿ ಫೆಡರಲ್ ಕೋರ್ಟ್ ವೀಸಾ ರದ್ದತಿಯನ್ನೂ ತಳ್ಳಿಹಾಕಿತು, ಕ್ಲಾರ್ಕ್ ವಿಚಾರಣೆ 2008ರಲ್ಲಿ ಬಂಧನದ ಹಿಂದಿನ ತಪ್ಪುಗಳನ್ನು ಎಳೆ ಎಳೆಯಾಗಿ ಬಿಡಿಸಿತು, 2010ರಲ್ಲಿ ಪರಿಹಾರ ಕೊಟ್ಟರು. ಹನೀಫ್‌ಗೆ ಕೋರ್ಟ್ ಇತ್ತು. ಸರಕಾರದ ಅನುಮಾನ ಸರಿಯೇ ಎಂದು ಕೇಳಲು ಒಬ್ಬ ನ್ಯಾಯಾಧೀಶನಿಗೆ ಅಧಿಕಾರವಿತ್ತು. 1911ರ ಕಾಯ್ದೆ ಕಿತ್ತುಕೊಂಡದ್ದು ಸರಿಯಾಗಿ ಅದನ್ನೇ.

ನಮ್ಮಲ್ಲಿ ಇಂಥ ಸಂಗತಿಗೆ ಸಿಟ್ಟು ಬರುವ ರೀತಿಯೂ ಗಮನಿಸತಕ್ಕದ್ದು. 2009ರಲ್ಲಿ ದಿಲ್ಲಿಯಲ್ಲಿ ಅಮೆರಿಕದ ವಿಮಾನ ಕಂಪನಿಯೊಂದರ ಸಿಬ್ಬಂದಿ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಮೈ ತಡವಿ ನೋಡಿದ್ದಕ್ಕೆ ಸಂಸತ್ತಿನಲ್ಲಿ ಗದ್ದಲವಾಯಿತು, ಕಂಪನಿ ಕ್ಷಮೆ ಕೇಳಿತು. ಕಲಾಂ ಸ್ವತಃ ತಕರಾರು ಮಾಡದೆ ತಪಾಸಣೆಗೆ ನಿಂತಿದ್ದರು. ಗದ್ದಲದ ಆಧಾರ ಏನಾಗಿತ್ತೆಂದರೆ, ತಪಾಸಣೆಯಿಂದ ವಿನಾಯಿತಿ ಪಡೆದ ಗಣ್ಯರ ಪಟ್ಟಿಯೊಂದು ನಮ್ಮ ವಿಮಾನಯಾನ ಭದ್ರತಾ ಖಾತೆಯಲ್ಲಿದೆ, ಅದರಲ್ಲಿ ಮಾಜಿ ರಾಷ್ಟ್ರಪತಿಗಳಿದ್ದಾರೆ ಎಂಬುದು. ಹುದ್ದೆ ನೋಡಿ ನಂಬುವ ಪಟ್ಟಿಯೂ ಹುಟ್ಟು ನೋಡಿ ಅನುಮಾನಿಸುವ ಪಟ್ಟಿಯೂ ಒಂದೇ ಕಚೇರಿಯ ಎರಡು ಕಡತಗಳು. ದೊಡ್ಡವರನ್ನು ಮುಟ್ಟಿದರೆಂಬ ಕೋಪ ನಮಗೆ ಬೇಗ ಬರುತ್ತದೆ. ಹರಣಶಿಕಾರಿ ಹುಡುಗನೊಬ್ಬನನ್ನು ಬಸ್‌ಸ್ಟ್ಯಾಂಡಿನಲ್ಲಿ ಜಾತಿ ಕೇಳಿ ಠಾಣೆಗೆ ಒಯ್ದರೆ ಪೇಪರಿನಲ್ಲಿ ಎರಡು ಸಾಲು ಬರುವುದೂ ಅನುಮಾನ.

ಕಾಯ್ದೆ ಮುಂಬಯಿ ಪ್ರಾಂತದಲ್ಲಿ 1949ರ ಆಗಸ್ಟಿನಲ್ಲಿ ರದ್ದಾಯಿತು, ಇಡೀ ದೇಶದಲ್ಲಿ 1952ರ ಆಗಸ್ಟ್ 31ರಂದು. ಆ ದಿನವನ್ನು ಈ ಸಮುದಾಯಗಳು ವಿಮುಕ್ತ ದಿನವೆಂದು ಆಚರಿಸುತ್ತವೆ. ಆದರೆ ರದ್ದಾಗುವ ಮೊದಲೇ ಮುಂಬಯಿ ಸರಕಾರ 1947ರಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಯನ್ನು ತಂದಿಟ್ಟುಕೊಂಡಿತ್ತು. ಒಂದೊಂದೇ ಪ್ರಾಂತ ಅದನ್ನು ಅನುಸರಿಸಿತು, 1961ರಲ್ಲಿ ನಮ್ಮ ರಾಜ್ಯಕ್ಕೂ ತನ್ನದೇ ಕಾಯ್ದೆ ಬಂತು. ಹೊಸ ಕಾಯ್ದೆಗಳಲ್ಲಿ ಜಾತಿಯ ಹೆಸರಿಲ್ಲ, ಶಿಕ್ಷೆಯಾದ ವ್ಯಕ್ತಿಯ ಹೆಸರಿದೆ, ಇದು ಸಣ್ಣ ಸುಧಾರಣೆಯೇನಲ್ಲ. ಆದರೆ ಹಿಂದಿನ ನಾಲ್ಕು ದಶಕದ ಶಿಕ್ಷೆಗಳ ದಾಖಲೆ ಯಾವ ಸಮುದಾಯಗಳದ್ದಾಗಿತ್ತು? ನಡುರಾತ್ರಿಯ ಹಾಜರಿ ತಪ್ಪಿಸಿದ್ದಕ್ಕೆ ಅಜ್ಜನಿಗಾದ ಸಜೆ ಮೊಮ್ಮಗನ ಕಾಲದ ಠಾಣೆಯ ಪುಸ್ತಕಕ್ಕೆ ದಾಟಿ ಬಂತು. 2007ರಲ್ಲಿ ವಿಶ್ವಸಂಸ್ಥೆಯ ವರ್ಣಭೇದ ನಿವಾರಣಾ ಸಮಿತಿ ಈ ಕಾಯ್ದೆಗಳನ್ನು ತೆಗೆಯಿರೆಂದು ಭಾರತಕ್ಕೆ ಹೇಳಿತು. 2008ರಲ್ಲಿ ರೇಣಕೆ ಆಯೋಗ, 2018ರಲ್ಲಿ ಇದಾತೆ ಆಯೋಗ ವರದಿ ಕೊಟ್ಟವು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ತೀರ್ಪು ಕೊಟ್ಟಿತು: ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳು, ಅಲೆಮಾರಿ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಎಣಿಸುವ ನಿಯಮಗಳು ಸಂವಿಧಾನಕ್ಕೆ ವಿರುದ್ಧ. ಕೈಪಿಡಿಗಳನ್ನು ಮೂರು ತಿಂಗಳಲ್ಲಿ ತಿದ್ದಬೇಕೆಂದೂ, ಜೈಲಿನ ರಜಿಸ್ಟರುಗಳಿಂದ ಕೈದಿಯ ಜಾತಿಯ ಕಾಲಮನ್ನು ಅಳಿಸಬೇಕೆಂದೂ ಅದು ಹೇಳಿತು. ಠಾಣೆಗಳ ಮಟ್ಟಿಗೆ ಕೋರ್ಟ್ ಅಷ್ಟು ದೂರ ಹೋಗಲಿಲ್ಲ. ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸದಿರಲು ತನ್ನ ಹಿಂದಿನ ತೀರ್ಪುಗಳ ಮಾರ್ಗಸೂಚಿಯನ್ನು ಪೊಲೀಸರು ಪಾಲಿಸಬೇಕೆಂದು ನಿರ್ದೇಶಿಸಿತು. ಜೈಲಿನ ರಜಿಸ್ಟರಿನಲ್ಲಿ ಒಂದು ಕಾಲಮು ಅಳಿದಿದೆಯೋ ಇಲ್ಲವೋ ಎಂದು ಹೋಗಿ ನೋಡಬಹುದು. ಕಳವಾದ ರಾತ್ರಿ ಗಸ್ತಿನ ಜೀಪು ಮೊದಲು ಯಾವ ಓಣಿಗೆ ತಿರುಗುತ್ತದೆ ಎಂಬುದಕ್ಕೆ ರಜಿಸ್ಟರಿಲ್ಲ.